ಸೆಕೆಂಡ್ ಹ್ಯಾಂಡ್ ಗ್ರೈಂಡರಿನ ಕಪ್ಲರ್ ಸವೆದಿದೆ, ಕಂಪನಿಯೇ ಈಗಿಲ್ಲ. ಎಲ್ಲಿ ಸಿಗುತ್ತೆ, ಇಲ್ಲಾ ಯಾರು ಮಾಡಿಕೊಡ್ತಾರೆ?

ಉದ್ದಿನಬೇಳೆ (ವಿಜಯನಗರ), ಭಾನುವಾರ ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯಲ್ಲಿ ಮನೆ ಖಾಲಿ ಮಾಡುತ್ತಿದ್ದವರ ಹತ್ತಿರ ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ತಗೊಂಡೆ. 1,500 ರೂಪಾಯಿ. ಕಲ್ಲು ತುಂಬಾ ಚೆನ್ನಾಗಿದೆ, ಅದನ್ನು ನೋಡಿಯೇ ಆಸೆಪಟ್ಟೆ. ಮೊದಲ ವಾರ ಉದ್ದಿನಹಿಟ್ಟು ಹತ್ತಿಯ ಹಾಗೆ ಬಂತು. ಎರಡು ವರ್ಷದಿಂದ ಮಿಕ್ಸಿಯಲ್ಲಿ ರುಬ್ಬಿದ ಹಿಟ್ಟಿನ ಇಡ್ಲಿ ತಿಂದಿದ್ದ ನಮ್ಮ ಅತ್ತೆ ಅವತ್ತು ಎರಡು ಇಡ್ಲಿ ಜಾಸ್ತಿ ಹಾಕಿಸಿಕೊಂಡರು.

ಮೂರನೇ ವಾರ ತೊಂದರೆ ಶುರುವಾಯಿತು. ಡ್ರಮ್ ಖಾಲಿ ಇದ್ದರೆ ತಿರುಗುತ್ತೆ. ಬೇಳೆ ಹಾಕಿದರೆ ನಿಂತುಬಿಡುತ್ತೆ, ಮೋಟಾರು ಮಾತ್ರ ಓಡುತ್ತಲೇ ಇರುತ್ತೆ. ಡ್ರಮ್ಮಿನ ತಳದಲ್ಲಿ ಮೂರು ಸ್ಕ್ರೂ ಹಾಕಿ ಕೂರಿಸಿದ ಬಿಳಿ ಪ್ಲಾಸ್ಟಿಕ್ ಕಪ್ಲರ್ ಇದೆ. ಅದರ ನಡುವೆ ಆರು ಮೂಲೆಯ ತೂತು, ಕೆಳಗಿನ ಕಬ್ಬಿಣದ ಶಾಫ್ಟಿನ ತಲೆ ಅದರೊಳಗೆ ಕೂರಬೇಕು. ಈಗ ಆ ತೂತು ಸವೆದು ಗುಂಡಗಾಗಿದೆ.

ಗ್ರೈಂಡರಿನ ಮೇಲೆ ಹೆಸರು ಬರೆದಿರುವ ಕಂಪನಿ ಮುಚ್ಚಿ ಬಹಳ ವರ್ಷ ಆಗಿದೆಯಂತೆ. ಹತ್ತಿರದ ರಿಪೇರಿ ಅಂಗಡಿಗೆ ಹೋದರೆ "ಇದರ ಸ್ಪೇರ್ ಬರಲ್ಲ ಮೇಡಂ, ಗುಜರಿಗೆ ಹಾಕಿ ಹೊಸದು ತಗೊಳ್ಳಿ" ಅಂದರು. ಒಂದು ಮುಷ್ಟಿಯಷ್ಟು ಪ್ಲಾಸ್ಟಿಕ್ಕಿಗೆ ಇಷ್ಟು ಒಳ್ಳೆಯ ಕಲ್ಲನ್ನು ಬಿಸಾಡಲು ಮನಸ್ಸು ಬರುತ್ತಿಲ್ಲ. ಬೆಂಗಳೂರಿನಲ್ಲಿ ಎಲ್ಲಿ ಕೇಳಲಿ?

ಸವೆದ ಬುಷ್, ಭಾನುವಾರ 10:15

ಮೊದಲು ಕಪ್ಲರೇ ಹೌದಾ ಅಂತ ಗಟ್ಟಿ ಮಾಡಿಕೊಳ್ಳಿ. ಬೆಲ್ಟ್ ಸಡಿಲವಾದರೂ ಇದೇ ಥರ ಆಗುತ್ತೆ. ಡ್ರಮ್ ತೆಗೆದು ಶಾಫ್ಟಿನ ತಲೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ, ಅದಕ್ಕೆ ನೇರವಾಗಿ ಕಪ್ಲರಿನ ಅಂಚಿಗೂ ಒಂದು ಗೆರೆ. ಬೇಳೆ ಹಾಕಿ ಓಡಿಸಿ, ನಿಂತ ಮೇಲೆ ಸ್ವಿಚ್ ಆರಿಸಿ ನೋಡಿ. ಗೆರೆ ಜರುಗಿದ್ದರೆ ಕಪ್ಲರ್. ಗೆರೆ ಅಲ್ಲೇ ಇದ್ದು ಡ್ರಮ್ ನಿಂತಿದ್ದರೆ ಬೆಲ್ಟ್ ಜಾರುತ್ತಿದೆ. ಬೆಲ್ಟಾದರೆ ರಬ್ಬರ್ ಬಿಸಿಯಾದ ವಾಸನೆಯೂ ಬರುತ್ತೆ. ಕಪ್ಲರಾದರೆ ಕಟಕಟ ಅನ್ನುತ್ತೆ.

ಉದ್ದಿನಬೇಳೆ, ಭಾನುವಾರ 11:30

ಮಾಡಿ ನೋಡಿದೆ. ಗೆರೆ ಅರ್ಧ ಸುತ್ತು ಜರುಗಿದೆ. ಕಟಕಟ ಶಬ್ದವೂ ಇತ್ತು. ಕಪ್ಲರೇ.

ಚಿಕ್ಕಪೇಟೆ ಹುಡುಗ, ಭಾನುವಾರ 12:05

ಅಕ್ಕಾ, ಸವೆದ ಪೀಸನ್ನು ಬಿಸಾಡಬೇಡಿ. ಅದೇ ನಿಮ್ಮ ವಿಳಾಸ.

ನಾನು ಎಸ್‌ಪಿ ರೋಡಿನ ಹಿಂದಿನ ಗಲ್ಲಿಯಲ್ಲಿ ಆರು ವರ್ಷ ಸ್ಪೇರ್ ಪಾರ್ಟ್ ಅಂಗಡಿಯಲ್ಲಿದ್ದವನು. ದಿನಾ ನೋಡಿದ ಮಾತು ಹೇಳ್ತೀನಿ. ಜನ ಬಂದು "ಇಂಥ ಕಂಪನಿ ಮಿಕ್ಸಿಯ ಪಾರ್ಟ್ ಇದೆಯಾ" ಅಂತ ಕೇಳ್ತಾರೆ. ಅಂಗಡಿಯವರು ಇಲ್ಲ ಅಂತಾರೆ, ಅವರು ವಾಪಸ್ ಹೋಗ್ತಾರೆ. ಅದೇ ಪೀಸನ್ನು ಕೌಂಟರ್ ಮೇಲೆ ಇಟ್ಟರೆ ಅಂಗಡಿಯವರು ಕೈಯಲ್ಲಿ ತಿರುಗಿಸಿ ನೋಡಿ, ಒಳಗಿಂದ ಬೇರೆ ಹೆಸರಿನ ಪ್ಯಾಕೆಟ್ ತಂದು ಅಳತೆಗೆ ಹಿಡೀತಾರೆ. ಹತ್ತರಲ್ಲಿ ಐದಾರು ಸಲ ಕೂರುತ್ತೆ. ಯಾಕಂದ್ರೆ ಬೇರಿಂಗ್, ಬೆಲ್ಟ್, ಸೀಲ್, ಕೆಪಾಸಿಟರ್, ಕಾರ್ಬನ್ ಬ್ರಷ್ ಇವನ್ನೆಲ್ಲ ಮಿಕ್ಸಿ, ಗ್ರೈಂಡರ್ ಕಂಪನಿಗಳು ಹೆಚ್ಚಾಗಿ ಹೊರಗಿಂದಲೇ ತರಿಸಿಕೊಳ್ಳೋದು. ಕಂಪನಿ ಮುಚ್ಚಿದರೂ ಅವು ಇರುತ್ತವೆ.

ಭಾನುವಾರ ಎಸ್‌ಪಿ ರೋಡಿನಲ್ಲಿ ಅಂಗಡಿಗಳು ಜಾಸ್ತಿ ತೆರೆದಿರಲ್ಲ. ನಾಳೆ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದು ಬನ್ನಿ. ಇವತ್ತೇ ಹೊರಡುವುದಾದರೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೆ ಬಜಾರ್ ಇದೆ. ಅಲ್ಲಿ ಕೆಟ್ಟ ಗ್ರೈಂಡರುಗಳು ನೆಲದ ಮೇಲೆ ಇರುತ್ತವೆ, ಅದೃಷ್ಟ ಇದ್ದರೆ ನಿಮ್ಮದೇ ಮಾಡೆಲ್ ಸಿಗಬಹುದು. ಆದರೆ ಅದರ ಕಪ್ಲರೂ ನಿಮ್ಮದರಷ್ಟೇ ವಯಸ್ಸಿನದು ಅಲ್ವಾ, ಅದನ್ನು ನೆನಪಿಟ್ಟುಕೊಳ್ಳಿ.

ಬನಶಂಕರಿಯವಳು, ಭಾನುವಾರ 1:20

ಸವೆದ ಜಾಗಕ್ಕೆ ಎಂಸೀಲ್ ತುಂಬಿ, ಶಾಫ್ಟಿಗೆ ಎಣ್ಣೆ ಸವರಿ ಒತ್ತಿ ಅಚ್ಚು ತೆಗೆದರೆ ಆಗಲ್ವಾ? ಮನೆಯಲ್ಲೇ ಆಗುವ ಕೆಲಸ.

ಸವೆದ ಬುಷ್, ಭಾನುವಾರ 1:45

ನಾನು ಮಾಡಿದ್ದೆ ಮೇಡಂ. ಹನ್ನೆರಡು ದಿನ ಬಂತು. ಇಂಥ ಕಪ್ಲರ್ ಸಾಮಾನ್ಯವಾಗಿ ನೈಲಾನ್, ಅದರ ಮೈ ಜಿಡ್ಡಿನ ಹಾಗೆ ನುಣುಪು. ಎಂಸೀಲ್ ಅದಕ್ಕೆ ಕಚ್ಚಿಕೊಳ್ಳಲ್ಲ. ಒಂದು ದಿನ ಪೂರ್ತಿ ಬಿಲ್ಲೆಯ ಹಾಗೆ ಕಳಚಿ ಬಂತು. ಅಚ್ಚು ತೆಗೆಯುವ ನಿಮ್ಮ ಯೋಚನೆ ಮಾತ್ರ ಒಳ್ಳೆಯದು. ಶಾಫ್ಟಿನ ತಲೆಯನ್ನು ಬಟ್ಟೆ ಸೋಪಿಗೆ ಒತ್ತಿ ಅಚ್ಚು ತೆಗೆದುಕೊಂಡು ಹೋದರೆ ಲೇತಿನವರಿಗೆ (ಮೆಷಿನ್ನಿನಲ್ಲಿ ತಿರುಗಿಸಿ ಕಡೆದು ಪಾರ್ಟ್ ಮಾಡಿಕೊಡುವವರು) ತೋರಿಸಲು ಸುಲಭ.

ತ್ರೀಡಿ ಪ್ರಿಂಟರ್ (ಎಚ್‌ಎಸ್‌ಆರ್), ಭಾನುವಾರ 4:10

ನನ್ನ ಹತ್ತಿರ ಪ್ರಿಂಟರ್ ಇದೆ, ಅಳತೆ ಕೊಟ್ಟರೆ ಪ್ರಿಂಟ್ ಮಾಡಿ ಕೊಡುತ್ತೇನೆ, ದುಡ್ಡು ಬೇಡ. ಆದರೆ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ. ನಾವು ಸಾಮಾನ್ಯವಾಗಿ ಹಾಕುವ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಅರ್ಧ ಗಂಟೆ ಓಡಿದ ಮೋಟಾರಿನ ಬಿಸಿ, ಮೇಲೆ ಬಿಸಿನೀರಿನಲ್ಲಿ ಡ್ರಮ್ ತೊಳೆಯುವುದು, ಎರಡೂ ಸೇರಿದರೆ ಅದು ಸೋಲುತ್ತದೆ. ಪಿಇಟಿಜಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ 80ರವರೆಗೆ ತಡೆಯುತ್ತದೆ. ಒಳಗೆ ಪೂರ್ತಿ ತುಂಬಿಸಿ, ತೂತು ಮೇಲ್ಮುಖವಾಗಿ ಇರುವ ಹಾಗೆ ಮಲಗಿಸಿ ಪ್ರಿಂಟ್ ಮಾಡಬೇಕು. ನಿಲ್ಲಿಸಿ ಮಾಡಿದರೆ ಪದರದಿಂದ ಪದರಕ್ಕೆ ಬಿರುಕು ಬಿಡುತ್ತದೆ. ಇಷ್ಟು ಮಾಡಿದರೂ ಕಲ್ಲಿನ ಭಾರ ಎಳೆಯುವ ಜಾಗಕ್ಕೆ ನಾನು ಗ್ಯಾರಂಟಿ ಕೊಡಲಾರೆ.

ಆದರೆ ಒಂದು ಉಪಯೋಗ ಇದೆ. 3 ಮಿ.ಮೀ. ದಪ್ಪದ ಬಿಲ್ಲೆಗಳನ್ನು ಬೇರೆ ಬೇರೆ ಅಳತೆಯ ತೂತಿಟ್ಟು ಪ್ರಿಂಟ್ ಮಾಡೋಣ. ನಿಮ್ಮ ಶಾಫ್ಟ್ 17 ಮಿ.ಮೀ. ಹತ್ತಿರ ಇದ್ದರೆ 16.8, 17.0, 17.2 ಹೀಗೆ. ಯಾವುದು ಶಾಫ್ಟಿಗೆ ಸರಿಯಾಗಿ ಕೂರುತ್ತೋ ಅದನ್ನೇ ಲೇತಿನವರ ಕೈಗೆ ಕೊಡಿ. ಒಂದೊಂದು ಬಿಲ್ಲೆಗೆ ಹತ್ತು ನಿಮಿಷ ಸಾಕು.

ಗಿರಿನಗರದ ಫಿಟ್ಟರ್, ಭಾನುವಾರ ರಾತ್ರಿ 8:30

ಅಮ್ಮಾ, ನಾನು ಎಚ್‌ಎಂಟಿಯ ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈ ಕೆಲಸ ಖಂಡಿತ ಆಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ನಿಧಾನವಾಗಿ ಓದಿ.

ಮೊದಲು ಅಳತೆ. ಸವೆದ ತೂತಿನ ನಡುವೆ ವರ್ನಿಯರ್ (ಸಣ್ಣ ಅಳತೆ ನೋಡುವ ಉಪಕರಣ) ಇಟ್ಟರೆ ತಪ್ಪು ಬರುತ್ತದೆ, ಅಲ್ಲಿ ಪ್ಲಾಸ್ಟಿಕ್ ಹೋಗಿಬಿಟ್ಟಿದೆ. ತೂತಿನ ತೀರಾ ತಳ ನೋಡಿ. ಶಾಫ್ಟಿನ ತಲೆ ಮುಟ್ಟದ ಎರಡು ಮೂರು ಮಿ.ಮೀ. ಅಲ್ಲಿ ಉಳಿದಿರುತ್ತದೆ. ಅದು ಕಾರ್ಖಾನೆಯಿಂದ ಬಂದ ಹಾಗೇ ಇರುತ್ತದೆ. ಅಲ್ಲಿ ಅಳೆಯಿರಿ. ಶಾಫ್ಟನ್ನೂ ಹಾಗೆಯೇ, ಎದುರು ಬದುರಿನ ಚಪ್ಪಟೆ ಮುಖಗಳ ನಡುವೆ ಮೂರು ಜೊತೆಗೂ ಅಳೆಯಿರಿ. ಮೂರೂ ಒಂದೇ ಬಂದರೆ ಶಾಫ್ಟ್ ಚೆನ್ನಾಗಿದೆ. ಬರದಿದ್ದರೆ ಶಾಫ್ಟೂ ಸವೆದಿದೆ, ಆಗ ಹೊಸ ಕಪ್ಲರ್ ಹಾಕಿದರೂ ಅದನ್ನು ತಿಂದುಹಾಕುತ್ತದೆ.

ಎರಡನೆಯದು ಮಾಲು. ನೈಲಾನ್ ಬೇಡ. ನೈಲಾನ್ ನೀರು ಕುಡಿಯುತ್ತದೆ, ಕುಡಿದು ಉಬ್ಬುತ್ತದೆ, ಅಳತೆ ಬದಲಾಗುತ್ತದೆ. ದಿನಾ ತೊಳೆಯುವ ಡ್ರಮ್ಮಿಗೆ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಒಳ್ಳೆಯದು, ಅದು ನೀರನ್ನು ಬಹಳ ಕಡಿಮೆ ಹೀರುತ್ತದೆ. ಅಂಗಡಿಯಲ್ಲಿ ಡೆಲ್ರಿನ್ ರಾಡ್ ಅಂತಲೇ ಕೇಳಿ.

ಮೂರನೆಯದು ಆರು ಮೂಲೆಯ ತೂತು. ಲೇತಿನಲ್ಲಿ ಗುಂಡು ತೂತು ಮಾತ್ರ ಆಗುತ್ತದೆ. ಮೂಲೆ ಬರಬೇಕಾದರೆ ಸ್ಲಾಟಿಂಗ್ ಮೆಷಿನ್ ಬೇಕು. ಅದರಲ್ಲಿ ಉಳಿ ಮೇಲೆ ಕೆಳಗೆ ಓಡಾಡುತ್ತಾ ಒಂದು ಮುಖ ಕೆತ್ತುತ್ತದೆ, ಆಮೇಲೆ 60 ಡಿಗ್ರಿ ತಿರುಗಿಸಿ ಇನ್ನೊಂದು ಮುಖ. ಮೊದಲೇ ಆರೂ ಮೂಲೆಯಲ್ಲಿ 3 ಮಿ.ಮೀ. ಡ್ರಿಲ್ ಹೊಡೆಸಿ. ಚೂಪು ಮೂಲೆ ಇದ್ದರೆ ಪ್ಲಾಸ್ಟಿಕ್ ಅಲ್ಲಿಂದಲೇ ಸೀಳುತ್ತದೆ, ಗುಂಡು ಮೂಲೆ ಸೀಳುವುದಿಲ್ಲ.

ಪೀಣ್ಯದ ದೊಡ್ಡ ಯೂನಿಟ್‌ಗಳಿಗೆ ಹೋಗಬೇಡಿ. ಒಂದು ಪೀಸಿಗೆ ಅವರು ಮೆಷಿನ್ ಸೆಟ್ ಮಾಡುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಕಾಮಾಕ್ಷಿಪಾಳ್ಯದಲ್ಲಿ ಒಂದೊಂದೇ ಲೇತ್ ಇಟ್ಟುಕೊಂಡಿರುವ ಸಣ್ಣ ಅಂಗಡಿಗಳಿವೆ, ನಿಮ್ಮ ವಿಜಯನಗರಕ್ಕೆ ಹತ್ತಿರ. ಬೆಳಿಗ್ಗೆ ಹತ್ತಕ್ಕೆ ಹೋಗಬೇಡಿ, ಆಗ ಅರ್ಜೆಂಟ್ ಜಾಬ್ ಇರುತ್ತದೆ. ಮಧ್ಯಾಹ್ನ ಊಟ ಆದಮೇಲೆ ಹೋಗಿ.

ಸವೆದ ಬುಷ್, ಭಾನುವಾರ ರಾತ್ರಿ 9:05

ಸರ್, 17ರ ಬಾಕ್ಸ್ ಸ್ಪ್ಯಾನರಿನ ತಲೆಯನ್ನು ಕತ್ತರಿಸಿ ಡೆಲ್ರಿನ್ ಒಳಗೆ ಪ್ರೆಸ್ ಮಾಡಿದರೆ? ಆರು ಮೂಲೆ ಕಬ್ಬಿಣದ್ದೇ ಸಿಗುತ್ತೆ, ಸ್ಲಾಟಿಂಗ್ ಖರ್ಚಿಲ್ಲ, ಸವೆಯೋದೂ ಇಲ್ಲ.

ಗಿರಿನಗರದ ಫಿಟ್ಟರ್, ಭಾನುವಾರ ರಾತ್ರಿ 9:30

ಜಾಣತನದ ಯೋಚನೆ, ಕೆಲಸವೂ ಮಾಡುತ್ತದೆ. ಆದರೂ ನಾನು ಬೇಡ ಅನ್ನುತ್ತೇನೆ. ಆ ಜಾಗದಲ್ಲಿ ಪ್ಲಾಸ್ಟಿಕ್ ಇಟ್ಟಿರುವುದು ದುಡ್ಡು ಉಳಿಸಲು ಮಾತ್ರ ಅಲ್ಲ. ಕಲ್ಲಿನ ನಡುವೆ ಚಮಚ ಸಿಕ್ಕಿಕೊಂಡಿತು ಅನ್ನಿ, ಯಾವುದಾದರೂ ಒಂದು ಭಾಗ ಸೋಲಲೇಬೇಕು. ಮೊದಲು ಸೋಲಬೇಕಾದ್ದು ಅಗ್ಗದ ಭಾಗ. ಕಬ್ಬಿಣಕ್ಕೆ ಕಬ್ಬಿಣ ಸಿಕ್ಕಿದರೆ ಶಾಫ್ಟಿನ ತಲೆ ಸವೆಯುತ್ತದೆ. ಶಾಫ್ಟ್ ಮಾಡಿಸುವುದು ಕಪ್ಲರಿನ ಹತ್ತರಷ್ಟು ಕೆಲಸ.

ಸವೆದ ಬುಷ್, ಭಾನುವಾರ ರಾತ್ರಿ 9:40

ಬೆಲ್ಟ್ ಜಾರುತ್ತಲ್ಲ ಸರ್, ಅದೇ ರಕ್ಷಣೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಶಾಫ್ಟ್ ಸವೆಯುವ ಮಾತು ಒಪ್ಪಿದೆ. ನನ್ನದರಲ್ಲಿ ಹಿತ್ತಾಳೆ ಕಪ್ಲರ್ ಹಾಕಿಸಿದ್ದೇನೆ, ಶಬ್ದ ಜಾಸ್ತಿಯಾಗಿದ್ದು ನಿಜ.

ಯಲಹಂಕದಿಂದ, ಸೋಮವಾರ 7:50

ಇದೇ ಮಾಡೆಲ್ ನನ್ನ ಹತ್ತಿರವೂ ಇದೆ ಅನಿಸುತ್ತೆ. ಅಮ್ಮನ ಮನೆಯದು. ಡ್ರಮ್ ತಳದಲ್ಲಿ ಮೂರು ಸ್ಕ್ರೂ, ಬಿಳಿ ಕಪ್ಲರ್, ಪಕ್ಕದಲ್ಲಿ ನೀಲಿ ಸ್ವಿಚ್. ನಾಲ್ಕು ವರ್ಷದಿಂದ ಅಟ್ಟದ ಮೇಲಿದೆ. ಉದ್ದಿನಬೇಳೆ ಮೇಡಂ, ನಿಮ್ಮದು ಏನಾಯಿತು ಅಂತ ದಯವಿಟ್ಟು ಇಲ್ಲೇ ಬರೆಯಿರಿ.

ಕೋರಮಂಗಲ ರಿಪೇರಿ, ಸೋಮವಾರ 10:20

ಒಂದು ಮಾತು ಯಾರೂ ಹೇಳಿಲ್ಲ. ಸೆಕೆಂಡ್ ಹ್ಯಾಂಡ್ ಗ್ರೈಂಡರ್ ಅಂದರೆ ನೀರು, ಕರೆಂಟು, ಸ್ಟೀಲು ಮೂರೂ ಒಂದೇ ಕಡೆ. ಕಪ್ಲರಿಗಿಂತ ಮೊದಲು ಅರ್ಥ್ ನೋಡಿಸಿ. ನಾನು ತಂದ ಹಳೆಯ ಗ್ರೈಂಡರಿನ ಮೂರು ಪಿನ್ನಿನ ಪ್ಲಗ್ ಬಿಚ್ಚಿದಾಗ ಹಸಿರು ವೈರನ್ನು ಕತ್ತರಿಸಿ ಒಳಗೆ ಮಡಚಿಟ್ಟಿದ್ದರು. ಮೈ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತಿತ್ತು. ಮಲ್ಟಿಮೀಟರ್ ಇದ್ದರೆ ಪ್ಲಗ್ ಕಿತ್ತು, ಅದರ ದಪ್ಪ ಪಿನ್ನಿಗೂ ಗ್ರೈಂಡರಿನ ಸ್ಟೀಲ್ ಮೈಗೂ ಹಿಡಿದು ನೋಡಿ, ಬೀಪ್ ಬರಬೇಕು. ಬರದಿದ್ದರೆ ಬಳಸಲೇಬೇಡಿ.

ರಿಪೇರಿ ಕೆಫೆ ಬೆಂಗಳೂರಿನವರು 2015ರಿಂದ ಊರಿನ ಬೇರೆ ಬೇರೆ ಕಡೆ ಕೂಟ ಮಾಡುತ್ತಿದ್ದಾರೆ. ನಾವು ನಮ್ಮ ಕೆಟ್ಟ ವಸ್ತು ಒಯ್ದು, ಅವರ ಜೊತೆ ಕೂತು ರಿಪೇರಿ ಮಾಡುವುದು. ನಾನು ಅರ್ಥ್ ನೋಡುವುದನ್ನು ಕಲಿತದ್ದು ಹಾಗೆ ಒಂದು ಕೂಟದಲ್ಲಿ.

ಮತ್ತೆ, ಕಂಪನಿ ಇನ್ನೂ ನಡೆಯುತ್ತಿರುವ ವಸ್ತುವಾದರೆ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ತೆರೆದ ರೈಟ್ ಟು ರಿಪೇರ್ ಪೋರ್ಟಲ್ (ಕಂಪನಿಗಳ ರಿಪೇರಿ, ಸ್ಪೇರ್ ಮಾಹಿತಿ ಇರುವ ವೆಬ್‌ಸೈಟ್) ನೋಡಬಹುದು. ಮುಚ್ಚಿದ ಕಂಪನಿಗೆ ಅದರಿಂದ ಪ್ರಯೋಜನ ಇಲ್ಲ.

ಬನಶಂಕರಿಯವಳು, ಸೋಮವಾರ 11:00

ಮಿಕ್ಸಿ ಕಪ್ಲರ್ ಬದಲಾಯಿಸುವವರಿಗೆ ಒಂದು ಮಾತು, ವಿಷಯ ಹತ್ತಿರದ್ದೇ ಆದ್ದರಿಂದ ಬರೆಯುತ್ತಿದ್ದೇನೆ. ಅಮ್ಮನ ಹಳೆಯ ಸುಮೀತ್ ಮಿಕ್ಸಿ ಬಿಚ್ಚುವಾಗ ಕಪ್ಲರ್ ಜಗ್ಗಲೇ ಇಲ್ಲ. ಮಾಮೂಲಿ ಸ್ಕ್ರೂ ಬಿಚ್ಚುವ ಕಡೆಗೆ ತಿರುಗಿಸುತ್ತಿದ್ದೆ. ಅಲ್ಲಿ ಥ್ರೆಡ್ ಉಲ್ಟಾ. ಓಡುವಾಗ ತಾನಾಗಿ ಬಿಗಿಯಾಗಲಿ ಅಂತ ಹಾಗೆ ಇಟ್ಟಿರುತ್ತಾರೆ. ಉಲ್ಟಾ ತಿರುಗಿಸಿದ ಕೂಡಲೇ ಬಂತು.

ಉದ್ದಿನಬೇಳೆ, ಸೋಮವಾರ ರಾತ್ರಿ 9:15

ಎಲ್ಲರಿಗೂ ಧನ್ಯವಾದ. ಇವತ್ತು ಮಾಡಿದ್ದು ಹೇಳುತ್ತೇನೆ.

ಅರ್ಥ್ ಸರಿಯಾಗಿದೆ, ಬೀಪ್ ಬಂತು. ಶಾಫ್ಟಿನ ಮೂರೂ ಜೊತೆ ಮುಖಗಳ ನಡುವೆ 16.8. ಫಿಟ್ಟರ್ ಸರ್ ಹೇಳಿದ ಹಾಗೆ ತೂತಿನ ತಳದಲ್ಲಿ ಅಳೆದೆ, 17.0. ನಡುವೆ ಇದೇ 18.6 ಬಂದಿತ್ತು. ಅದನ್ನೇ ಕೊಟ್ಟಿದ್ದರೆ ಹೊಸದೂ ಲೊಡಲೊಡ ಅನ್ನುತ್ತಿತ್ತು.

ಎಸ್‌ಪಿ ರೋಡಿಗೆ ಹೋಗಿದ್ದೆ. ನಾಲ್ಕು ಅಂಗಡಿಯಲ್ಲಿ ಪೀಸ್ ತೋರಿಸಿದೆ. ಆರು ಮೂಲೆಯದು ಎರಡು ಕಡೆ ಇತ್ತು, ಸ್ಕ್ರೂ ತೂತಿನ ಅಂತರ ಬೇರೆ. ಬರಿಗೈಯಲ್ಲಿ ಬರಲಿಲ್ಲ. ಡ್ರಮ್ ತೆಗೆದಾಗ ಶಾಫ್ಟ್ ಅಲ್ಲಾಡುತ್ತಿತ್ತು, ಬೇರಿಂಗ್ ಬಿಚ್ಚಿ ಒಯ್ದಿದ್ದೆ. ಅಂಗಡಿಯವರು ಅಂಚಿನಲ್ಲಿ ಕೆತ್ತಿದ್ದ ನಂಬರ್ ಓದಿ, 6202, ಮಾತಾಡದೆ ಹೊಸದು ಇಟ್ಟರು. ಹಳೆಯದಕ್ಕೆ ಎರಡೂ ಬದಿ ತಗಡಿನ ಮುಚ್ಚಳ ಇತ್ತು. ನೀರಿನ ಜಾಗ ಅಂದಾಗ ರಬ್ಬರ್ ಮುಚ್ಚಳದ್ದು ಕೊಟ್ಟರು, 2ಆರ್‌ಎಸ್ ಅಂತ ಅದರ ಮೇಲಿದೆ.

ಚಿಕ್ಕಪೇಟೆ ಹುಡುಗ, ಸೋಮವಾರ ರಾತ್ರಿ 9:50

ಸರಿಯಾಗಿ ಕೊಟ್ಟಿದ್ದಾರೆ ಅಕ್ಕಾ. 6202 ಅಂದರೆ ಒಳಗೆ 15, ಹೊರಗೆ 35, ದಪ್ಪ 11 ಮಿ.ಮೀ. ಯಾವ ಕಂಪನಿಯದು ತಗೊಂಡರೂ ಅದೇ ಅಳತೆ. ಆಯಿಲ್ ಸೀಲ್ ಮೇಲೂ ಹೀಗೇ ಮೂರು ಸಂಖ್ಯೆ ಇರುತ್ತೆ, ಒಳಗಿನ ಅಳತೆ, ಹೊರಗಿನದು, ದಪ್ಪ. ಅದನ್ನೂ ನೋಡಿ. ಬೇರಿಂಗಿಗೆ ನೀರು ಇಳಿದಿದ್ದರೆ ಸೀಲ್ ಹೋಗಿರುತ್ತೆ.

ಉದ್ದಿನಬೇಳೆ, ಗುರುವಾರ ರಾತ್ರಿ 8:40

ಆಯಿತು! ಹೇಗಾಯಿತು ಅಂತ ಪೂರ್ತಿ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಮೂರಕ್ಕೆ ಕಾಮಾಕ್ಷಿಪಾಳ್ಯಕ್ಕೆ ಹೋದೆ. ಮೊದಲ ಎರಡು ಅಂಗಡಿಯಲ್ಲಿ ಆಗಲ್ಲ ಅಂದರು. ಮೂರನೆಯದರಲ್ಲಿ ಅರವತ್ತು ದಾಟಿದ ಯಜಮಾನರು ಒಬ್ಬರೇ ಇದ್ದರು. ನಾನು ಸವೆದ ಕಪ್ಲರ್, ತ್ರೀಡಿ ಪ್ರಿಂಟರ್ ಅವರು ಕಳಿಸಿಕೊಟ್ಟ ಮೂರು ಬಿಲ್ಲೆ, ಅಳತೆಯ ಚೀಟಿ ಮೂರನ್ನೂ ಮುಂದಿಟ್ಟೆ. ಅವರು ಚೀಟಿ ನೋಡಲೇ ಇಲ್ಲ. ಹಳೆಯ ಪೀಸನ್ನು ಬೆಳಕಿಗೆ ಹಿಡಿದು, ಹೆಬ್ಬೆರಳನ್ನು ತೂತಿನೊಳಗೆ ತಿರುಗಿಸಿ, "ಎಷ್ಟು ವರ್ಷ ರುಬ್ಬಿದ್ದೀರಮ್ಮ ಇದರಲ್ಲಿ" ಅಂತ ಕೇಳಿದರು. ನಾನಲ್ಲ, ಹಿಂದಿನವರು ಅಂದೆ.

ಮೂಲೆಯ ಡಬ್ಬದಲ್ಲಿ ಕೈಯಾಡಿಸಿ ಒಂದು ಬಿಳಿ ರಾಡಿನ ತುಂಡು ತೆಗೆದರು. ಬೇರೆ ಯಾರದೋ ಜಾಬಿನಲ್ಲಿ ಉಳಿದ ಡೆಲ್ರಿನ್. ಲೇತಿಗೆ ಕಚ್ಚಿಸಿ ಟೂಲ್ ಹಿಡಿದರೆ ಬಿಳಿ ದಾರದ ಹಾಗೆ ಉದ್ದಕ್ಕೆ ಸಿಪ್ಪೆ ಬಂತು, ಎಲ್ಲೂ ತುಂಡಾಗದೆ. ಅವರು ಅದನ್ನು ಒಂದು ಕಡ್ಡಿಯಿಂದ ಪಕ್ಕಕ್ಕೆ ಎಳೆಯುತ್ತಾ, ಎರಡು ನಿಮಿಷಕ್ಕೊಮ್ಮೆ ಮೆಷಿನ್ ನಿಲ್ಲಿಸುತ್ತಿದ್ದರು. ಯಾಕೆ ಅಂತ ಕೇಳಿದೆ. "ಬಿಸಿಯಾದಾಗ ಅಳೆದರೆ ಸುಳ್ಳು ಹೇಳುತ್ತೆ. ಆರಲಿ" ಅಂದರು. ಆರಿದ ಮೇಲೆ ವರ್ನಿಯರ್ ಇಟ್ಟು, ಮತ್ತೆ ಒಂದು ಕೂದಲಿನಷ್ಟು ತೆಗೆದರು.

ಆರು ಮೂಲೆಗೆ ಎರಡು ಬಾಗಿಲು ಆಚೆ ಸ್ಲಾಟಿಂಗ್ ಇರುವವರ ಹತ್ತಿರ ಅವರೇ ಕರೆದುಕೊಂಡು ಹೋದರು. ಮೂಲೆಗೆ ಡ್ರಿಲ್ ಹೊಡೆಯುವ ಮಾತನ್ನು ನಾನು ಹೇಳಿದಾಗ ಇಬ್ಬರೂ ನನ್ನ ಮುಖ ನೋಡಿದರು, "ಯಾರು ಹೇಳಿದ್ದು?" ಅಂತ. ಎಚ್‌ಎಂಟಿಯಲ್ಲಿದ್ದವರು ಅಂದೆ. ಯಜಮಾನರು ತಲೆಯಾಡಿಸಿ, "ಹಂಗಾದ್ರೆ ಸರಿಯೇ" ಅಂದರು. 17.0ರ ಬಿಲ್ಲೆಯನ್ನು ಪಕ್ಕದಲ್ಲಿಟ್ಟುಕೊಂಡೇ ಕೆತ್ತಿದರು.

ಎರಡು ಪೀಸ್ ಮಾಡಿಸಿದೆ. ಒಂದಕ್ಕೆ ಸೆಟ್ ಮಾಡಿದ ಮೇಲೆ ಎರಡನೆಯದಕ್ಕೆ ಜಾಸ್ತಿ ಹೊತ್ತು ಬೇಡ ಅಂತ ಅವರೇ ಅಂದರು. ಲೇತ್ ಕೆಲಸ, ಸ್ಲಾಟಿಂಗ್, ಮಾಲು ಎಲ್ಲ ಸೇರಿ 750 ರೂಪಾಯಿ.

ಇವತ್ತು ಬೆಳಿಗ್ಗೆ ಕಾಲು ಕಿಲೋ ಉದ್ದಿನಬೇಳೆ ಹಾಕಿದೆ. ಕಟಕಟ ಇಲ್ಲ. 35 ನಿಮಿಷ ಓಡಿತು, ನಿಲ್ಲಲಿಲ್ಲ. ಆಮೇಲೆ ಡ್ರಮ್ ಎತ್ತಿ ಕಪ್ಲರ್ ಮುಟ್ಟಿ ನೋಡಿದೆ, ಬೆಚ್ಚಗೆ ಕೂಡ ಆಗಿರಲಿಲ್ಲ. ಸೀಮೆಸುಣ್ಣದ ಗೆರೆ ಇದ್ದಲ್ಲೇ ಇದೆ.

ಗಿರಿನಗರದ ಫಿಟ್ಟರ್, ಗುರುವಾರ ರಾತ್ರಿ 9:00

ಬಹಳ ಸಂತೋಷ ಆಯಿತಮ್ಮ. ಬಿಸಿಯಲ್ಲಿ ಅಳೆಯಬಾರದು ಅಂದ ಆ ಯಜಮಾನರಿಗೆ ನನ್ನ ನಮಸ್ಕಾರ ಹೇಳಿ. ಆರು ತಿಂಗಳಿಗೊಮ್ಮೆ ಬಿಚ್ಚಿ ಅಳೆಯಿರಿ. 17.5 ದಾಟಿದರೆ ಎರಡನೆಯ ಪೀಸ್ ಹಾಕಿ, ಮೂರನೆಯದು ಮಾಡಿಸಲು ಕೊಡಿ. ಒಂದು ಯಾವಾಗಲೂ ಡಬ್ಬದಲ್ಲಿರಲಿ.

ಯಲಹಂಕದಿಂದ, ಗುರುವಾರ ರಾತ್ರಿ 9:20

ಮೇಡಂ, ಅಳತೆ ಪೂರ್ತಿ ಕೊಡುತ್ತೀರಾ? ಅಮ್ಮನ ಗ್ರೈಂಡರ್ ಅಟ್ಟದಿಂದ ಇಳಿಸಿದ್ದೇನೆ. ತೂತು ನಿಮ್ಮದರ ಹಾಗೇ ಗುಂಡಗಾಗಿದೆ.

ಉದ್ದಿನಬೇಳೆ, ಗುರುವಾರ ರಾತ್ರಿ 9:45

ಬರೆದುಕೊಳ್ಳಿ. ಹೊರಗಿನ ವ್ಯಾಸ 62 ಮಿ.ಮೀ., ದಪ್ಪ 24. ಆರು ಮೂಲೆಯ ತೂತು ಚಪ್ಪಟೆಯಿಂದ ಚಪ್ಪಟೆಗೆ 17.0, ಆಳ 18, ತೂತು ಆಚೆಗೆ ತೂರಿ ಹೋಗಿಲ್ಲ. ಸ್ಕ್ರೂ ತೂತು ಮೂರು, 5 ಮಿ.ಮೀ.ನವು, 46 ಮಿ.ಮೀ. ವ್ಯಾಸದ ವೃತ್ತದ ಮೇಲೆ ಸಮ ಅಂತರದಲ್ಲಿ. ಆದರೆ ಮಾಡಿಸುವ ಮೊದಲು ನಿಮ್ಮ ಶಾಫ್ಟ್ ಅಳೆಯಿರಿ. ಒಂದೇ ಮಾಡೆಲ್ ಅನಿಸಿದರೂ ಒಳಗೆ ಬೇರೆ ಇರಬಹುದು.

ಇಲ್ಲಾಂದ್ರೆ ಹೀಗೆ ಮಾಡಿ. ನನ್ನ ಹತ್ತಿರ ಎರಡನೆಯ ಪೀಸ್ ಸುಮ್ನೆ ಇದೆ. ಶನಿವಾರ ನಿಮ್ಮ ಡ್ರಮ್ ಮತ್ತು ಹಳೆಯ ಕಪ್ಲರ್ ತಗೊಂಡು ವಿಜಯನಗರ ಮೆಟ್ರೋ ಹತ್ತಿರ ಬನ್ನಿ. ಹಾಕಿ ನೋಡೋಣ. ಕೂತರೆ ಅದನ್ನು ನೀವೇ ಇಟ್ಟುಕೊಳ್ಳಿ, ನಾನು ಇನ್ನೊಂದು ಮಾಡಿಸಿಕೊಳ್ಳುತ್ತೇನೆ.

ಯಲಹಂಕದಿಂದ, ಗುರುವಾರ ರಾತ್ರಿ 9:52

ಬರುತ್ತೇನೆ. ಅಮ್ಮನಿಗೂ ಹೇಳಿದೆ, ಅವರೂ ಬರುತ್ತಾರಂತೆ.